ಸಿದ್ದಾರೂಢನ ಹೆಬ್ಬೆರಳು

ಪುಣೆಯ ವಾಕಡ ಠಾಣೆಯಲ್ಲಿ ಕಾನ್‌ಸ್ಟೇಬಲ್ ಸಿದ್ದಾರೂಢನಿಗಿಂತ ಅವನ ಹೆಬ್ಬೆರಳೇ ಹೆಚ್ಚು ಪ್ರಸಿದ್ಧ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಪುಣೆಗೆ ಬಂದ ದಂಪತಿಯ ಮಗ ಅವನು. ಓಟ, ಎದೆಯಳತೆ, ಮರಾಠಿ ಪರೀಕ್ಷೆ ಎಲ್ಲವನ್ನೂ ದಾಟಿ ನೌಕರಿ ಹಿಡಿದಿದ್ದ. ದೋಷ ಒಂದೇ: ಕಂಡದ್ದನ್ನೆಲ್ಲ ಮುಟ್ಟುತ್ತಿದ್ದ. ಹೋದ ವರ್ಷ ಕಳವಾದ ಮನೆಯೊಂದರ ಕಿಟಕಿಯ ಗಾಜಿನ ಮೇಲೆ ಬಲು ಸ್ಪಷ್ಟವಾದ ಹೆಬ್ಬೆರಳ ಗುರುತು ಸಿಕ್ಕಿತು. ಠಾಣೆಯಲ್ಲಿ ಪೇಢೆ ಹಂಚಿದರು. ಅದು ಸಿದ್ದಾರೂಢನದೆಂದು ತಿಳಿಯುವಷ್ಟರಲ್ಲಿ ಪೇಢೆ ಮುಗಿದಿತ್ತು. ಇನ್ನೊಮ್ಮೆ ಹೀಗಾದರೆ ಟ್ರಾಫಿಕ್ ಡ್ಯೂಟಿ ಎಂದು ಇನ್‌ಸ್ಪೆಕ್ಟರ್ ಮೇಡಂ ಹೇಳಿಟ್ಟಿದ್ದರು. ಬಿಸಿಲಲ್ಲಿ ನಿಂತರೆ ಸಿದ್ದಾರೂಢನಿಗೆ ಮೂಗಿನಿಂದ ರಕ್ತ ಬರುತ್ತಿತ್ತು.

ಅಂಥದ್ದರಲ್ಲಿ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಲೋಕನಾಥ ಶೆಟ್ಟರ ಹೋಟೆಲಿನಲ್ಲಿ ಕಳವಾಯಿತು. ಅಡುಗೆಮನೆಯ ದೇವರ ಗೂಡಿನಿಂದ ಬೆಳ್ಳಿಯ ದೀಪ ಹೋಗಿತ್ತು. ಕಳ್ಳ ಕತ್ತಲಲ್ಲಿ ಅಕ್ಕಿಹಿಟ್ಟಿನ ಡಬ್ಬಿ ಉರುಳಿಸಿದ್ದರಿಂದ ಹೊಸ್ತಿಲಿನ ಒಳಗೇ ಬರಿಗಾಲಿನ ಗುರುತೊಂದು ಅಚ್ಚೊತ್ತಿದಂತೆ ಮೂಡಿತ್ತು. ಮೇಡಂ ಬಾಗಿಲಿಗೆ ಅಡ್ಡಲಾಗಿ ಪಟ್ಟಿ ಕಟ್ಟಿಸಿದರು. "ಬೆರಳಚ್ಚಿನವರು ಬರುವವರೆಗೆ ಒಳಗೆ ಯಾರೂ ಕಾಲಿಡಬಾರದು. ನೀನು ಮೊದಲು," ಎಂದು ಮರಾಠಿಯಲ್ಲಿ ಹೇಳಿ ಹೋದರು.

ಸಿದ್ದಾರೂಢ ಕೈ ಕಟ್ಟಿ ನಿಂತ. ಜನರನ್ನು ತಡೆಯುವುದು ಕಷ್ಟವಾಗಲಿಲ್ಲ. ಕಷ್ಟ ಕೊಟ್ಟದ್ದು ಇಡ್ಲಿ ಹಿಟ್ಟು. ರಾತ್ರಿ ರುಬ್ಬಿಟ್ಟ ಹಿಟ್ಟು ದೊಡ್ಡ ಪಾತ್ರೆಯಲ್ಲಿ, ಅದೇ ಹೆಜ್ಜೆಯ ಪಕ್ಕದ ಕಟ್ಟೆಯ ಮೇಲಿತ್ತು. ಸೆಖೆಗೆ ಅದು ಉಬ್ಬುತ್ತಾ ಬಂದು ಮುಚ್ಚಳವನ್ನು ಎತ್ತಿತು.

"ಪೊಲೀಸ್ರೇ, ಹಿಟ್ಟು ಉಕ್ತಾ ಉಂಟು ಮಾರಾಯ್ರೇ! ಒಂದು ಸೌಟು ತೆಗೀಲಿಕ್ಕೆ ಬಿಡಿ," ಎಂದರು ಲೋಕನಾಥ.

"ಆಗೂದಿಲ್ರಿ ಶೆಟ್ರ. ಹಿಟ್ಟೂ ಈಗ ಸಾಕ್ಷಿ ಅದ."

"ಸಾಕ್ಷಿ ಹುಳಿ ಬಂದ್ರೆ ಯಾರಿಗೆ ಬಡಿಸುದು? ನಿಮ್ಮ ಮೇಡಮ್ಮಿಗಾ?"

ನಾಷ್ಟಾಕ್ಕೆ ಬಂದು ಕಾದಿದ್ದವರು ನಕ್ಕರು. ಪಕ್ಕದ ಮೊಬೈಲ್ ಅಂಗಡಿಯ ಮಹೇಶಕುಮಾರ ಮಾತ್ರ ನಗಲಿಲ್ಲ. "ಸಾಹೇಬ್ರ, ಕಾನೂನಂದ್ರ ಕಾನೂನು. ಹಿಟ್ಟು ಹರದ್ರ ಹರೀಲಿ, ನೀವು ಜಾಗಾ ಬಿಟ್ಟು ಅಲ್ಲಾಡಬ್ಯಾಡ್ರಿ. ನಿಮ್ಮಂಥ ಪೊಲೀಸರು ಭಾಳ ಕಡಿಮಿ," ಎಂದ. ನೌಕರಿಗೆ ಸೇರಿದ ಮೇಲೆ ಸಿದ್ದಾರೂಢನನ್ನು ಸಾರ್ವಜನಿಕರೊಬ್ಬರು ಹೊಗಳಿದ್ದು ಅದೇ ಮೊದಲು. ಅವನ ಎದೆ ಪೊಲೀಸ್ ನೇಮಕಾತಿಯ ದಿನದ ಅಳತೆಗೆ ಉಬ್ಬಿತು.

ಮುಚ್ಚಳ ಠಣ್ಣೆಂದು ಬಿತ್ತು. ಹಿಟ್ಟು ಕಟ್ಟೆಯಿಂದಿಳಿದು, ಅವಸರವಿಲ್ಲದ ಗಜಗಾಮಿನಿಯಂತೆ ಕಾಲಿನ ಗುರುತಿನತ್ತ ಹೊರಟಿತು. ಮೇಡಂ ಫೋನ್ ಎತ್ತಲಿಲ್ಲ. ಒಳಗೆ ಹೋದರೆ ಆಜ್ಞೆ ಮೀರಿದಂತೆ, ಹೋಗದಿದ್ದರೆ ಗುರುತು ಅಳಿದಂತೆ. ಎರಡೂ ದಾರಿ ಬಿಸಿಲಿನ ಚೌಕಕ್ಕೇ ಹೋಗುತ್ತಿದ್ದವು.

"ಬಿಡ್ರಿ ಸಾಹೇಬ್ರ, ಹರೀಲಿ!" ಎಂದ ಮಹೇಶಕುಮಾರ.

ಸಿದ್ದಾರೂಢ ಟೋಪಿ ತೆಗೆದಿಟ್ಟು ಪಟ್ಟಿಯ ಕೆಳಗೆ ಬೋರಲು ಮಲಗಿದ. ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದು, ಬಲಗೈ ಚಾಚಿ, ಹಿಟ್ಟಿಗೂ ಹೆಜ್ಜೆಗೂ ನಡುವೆ ಲಾಠಿಯನ್ನು ಅಡ್ಡ ಇಟ್ಟ. ಹಿಟ್ಟು ಲಾಠಿಗೆ ಒರಗಿ ನಿಂತು, ಸ್ವಲ್ಪ ಯೋಚಿಸಿ, ಬಚ್ಚಲಿನ ಕಡೆ ತಿರುಗಿತು. ಜನ ಚಪ್ಪಾಳೆ ತಟ್ಟಿದರು.

ಬೆರಳಚ್ಚಿನವರನ್ನು ಕರೆದುಕೊಂಡು ಮೇಡಂ ಬಂದಾಗ ಅವರಿಗೆ ಕಂಡದ್ದು ಎರಡು ಬೂಟು.

"ಒಳಗೆ ಹೋಗಬೇಡ ಅಂದಿರಲಿಲ್ಲವೇ?"

"ಕಾಲು ಇಟ್ಟಿಲ್ಲ ಮೇಡಂ. ಬರೀ ಹೊಟ್ಟೆ ಇಟ್ಟಿದ್ದೇನೆ," ಎಂದ ಸಿದ್ದಾರೂಢ, ಮಲಗಿದಲ್ಲಿಂದಲೇ, ಮರಾಠಿಯಲ್ಲಿ.

ಗುರುತನ್ನು ನೋಡಿದ ತಜ್ಞರು, "ಆರು ಬೆರಳು," ಎಂದರು. ಸಿದ್ದಾರೂಢನ ಕಣ್ಣು ನೆಲದ ಮಟ್ಟದಲ್ಲೇ ಇತ್ತು. ಹೊರಳಿ ನೋಡಿದ. ಅಷ್ಟೊಂದು ಚಪ್ಪಲಿಗಳ ನಡುವೆ ಒಂದೇ ಒಂದು ಕಾಲು ಕೊಕ್ಕರೆಯಂತೆ ಮೆಲ್ಲಗೆ ಮೇಲೇರುತ್ತಿತ್ತು.

"ಮಹೇಶಣ್ಣ, ಕಾಲು ಕೆಳಗ ಇಡ್ರಿ," ಎಂದ.

ದೀಪ ಮೊಬೈಲ್ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ, ಹಳೆಯ ಚಾರ್ಜರುಗಳ ಕೆಳಗೆ ಸಿಕ್ಕಿತು. ಕಳ್ಳತನಕ್ಕೆ ಬರಿಗಾಲಲ್ಲಿ ಬಂದದ್ದೇಕೆಂದು ಕೇಳಿದಾಗ ಮಹೇಶಕುಮಾರ ಅವಮಾನವಾದವನಂತೆ ನೋಡಿದ. "ದೇವರ ಮುಂದ ಚಪ್ಪಲಿ ಹಾಕ್ಕೊಂಡು ಹ್ಯಾಂಗ ಹೋಗ್ಲಿ?"

"ಅಷ್ಟಾದ್ರೂ ಸಂಸ್ಕಾರ ಉಂಟಲ್ಲ," ಎಂದರು ಲೋಕನಾಥ.

ಅಷ್ಟರಲ್ಲಿ ತಜ್ಞರು ಬಾಗಿಲ ಚೌಕಟ್ಟಿಗೆ ಪುಡಿ ಹಚ್ಚಿ ಮೇಡಂ ಅವರನ್ನು ಕರೆದರು. ಅಲ್ಲೊಂದು ಹೆಬ್ಬೆರಳ ಗುರುತಿತ್ತು. ಬಲು ಸ್ಪಷ್ಟ. ಅದನ್ನು ಗುರುತಿಸಲು ಮೇಡಂಗೆ ತಜ್ಞರ ನೆರವು ಬೇಕಾಗಲಿಲ್ಲ. ಸಿದ್ದಾರೂಢ ಆಗಲೇ ಕರವಸ್ತ್ರವನ್ನು ಮೂಗಿಗೆ ಹಿಡಿದಿದ್ದ.

"ಟ್ರಾಫಿಕ್ಕಿಗೆ ಕಳಿಸುವುದಿಲ್ಲ," ಎಂದರು ಮೇಡಂ. "ಅಲ್ಲಿ ಸಿಗ್ನಲ್ ಕಂಬ ಮುಟ್ಟುತ್ತೀಯ. ಮೊದಲು ಹೋಗಿ ಆ ಲಾಠಿ ತೊಳೆದುಕೊಂಡು ಬಾ."