ಸೀರೆ ಮೊದಲು ಅಕ್ಕನಿಗೆ

ನನ್ನ ಕೊರಳಲ್ಲಿ ಇಬ್ಬರು ಹೆಂಗಸರಿದ್ದಾರೆ ಅಂದರೆ ನಗಬೇಡಿ. ಒಂದು ನನ್ನ ತಾಳಿ. ಅದರ ಪಕ್ಕದಲ್ಲೇ ಹೆಣ್ಣಿನ ರೂಪ ಒತ್ತಿದ ಪುಟ್ಟ ಬೆಳ್ಳಿ ಬಿಲ್ಲೆ. ಅದು ನಮ್ಮೆಜಮಾನರ ಮೊದಲ ಹೆಂಡತಿ. ಕೊಳಾಲದ ಕಡೆಯವಳಾದ ನಾನು ಬುಕ್ಕಾಪಟ್ಟಣದ ಹತ್ತಿರದ ಈ ಊರಿಗೆ ಎರಡನೇ ಸಂಬಂಧಕ್ಕೆ ಬರುವ ಹೊತ್ತಿಗೆ ಆಕೆ ಜ್ವರದಲ್ಲಿ ತೀರಿಕೊಂಡು ವರ್ಷ ಕಳೆದಿತ್ತು. ಮುತ್ತೈದೆಯಾಗಿ ಹೋದವಳು ಮನೆ ಬಿಟ್ಟು ಹೋಗುವುದಿಲ್ಲ, ಸವತಿಯ ಮೇಲೆ ಕಣ್ಣಿಟ್ಟೇ ಇರುತ್ತಾಳೆ ಎಂದು ಧಾರೆಯ ದಿನವೇ ಆ ಬಿಲ್ಲೆಯನ್ನು ನನ್ನ ಕೊರಳಿಗೆ ಕಟ್ಟಿಸಿದರು.

"ಅವ್ಳು ನಿಂಗೆ ಅಕ್ಕ ಕಣಮ್ಮ," ಎಂದರು ಅತ್ತೆ. "ಏನೇ ಹೊಸ್ದು ಬಂದ್ರೂ ಮೊದ್ಲು ಅವ್ಳಿಗೆ ಮಡಗು, ಆಮೇಲೆ ನೀನು ಉಟ್ಕೊ. ಅಷ್ಟು ಮಾಡುದ್ರೆ ನಿನ್ ತಂಟೆಗೆ ಬರಲ್ಲ."

ಅಲ್ಲಿಂದಾಚೆಗೆ ಒಂದು ಹೊಸ ಸೀರೆಯನ್ನೂ ನಾನು ಮೊದಲು ಉಟ್ಟವಳಲ್ಲ. ಕಲಶದ ಮುಂದೆ ಸೀರೆ ಇಡಬೇಕು, ಅರಿಶಿನ ಕುಂಕುಮ ಹಚ್ಚಬೇಕು, ಬಿಲ್ಲೆಯನ್ನು ಮುಟ್ಟಿ "ಅಕ್ಕಾ, ಉಟ್ಕೊ" ಅನ್ನಬೇಕು, ಅವಳು ಉಟ್ಟು ಬಿಚ್ಚುವಷ್ಟು ಹೊತ್ತು ಹೊರಗೆ ಕಾಯಬೇಕು. ಆಮೇಲೆ ನನ್ನ ಸರದಿ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಬದುಕಿರುವ ಸವತಿಯಾದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದು. ಸತ್ತವಳ ಜೊತೆ ಏನು ಮಾಡುತ್ತೀರಿ? ಹಾಗಿದ್ದೂ ಮಧ್ಯಾಹ್ನ ಒಬ್ಬಳೇ ಕಡಲೆಕಾಯಿ ಸುಲಿಯುತ್ತಾ ಕೂತಾಗ ಅವಳ ಜೊತೆಗೇ ಮಾತಾಡುತ್ತಿದ್ದೆ, ಅತ್ತೆಯ ಮೇಲೆ ಚಾಡಿ ಹೇಳುತ್ತಿದ್ದೆ. ಅವಳು ಇದ್ದಾಳೆ ಅಂತ ನಂಬಿದ್ದೆನೋ ಇಲ್ಲವೋ, ನನಗೆ ಆಗಲೂ ತಿಳಿದಿರಲಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು. ನನ್ನನ್ನು ಚಿಕ್ಕವ್ವ ಅನ್ನುತ್ತಿದ್ದಳು. ಓದುವುದೆಂದರೆ ಪ್ರಾಣ ಅವಳಿಗೆ. ಒಂದು ಸಲ ಇಸ್ಕೂಲಿನಿಂದ ಬೇರೆ ಬೇರೆ ದೇಶದ ಕಿನ್ನರಿಯರ ಕತೆ ಪುಸ್ತಕ ತಂದು, ರೆಕ್ಕೆಯ ಹೆಂಗಸರ ಚಿತ್ರ ತೋರಿಸಿದಳು. "ಅಲ್ಲೆಲ್ಲೋ ಹೊಸ್ಲು ತಾವ ಹಾಲು ಮಡಗ್ತಾರಂತೆ ಚಿಕ್ಕವ್ವ, ಅವು ಬಂದು ಕುಡ್ಕೊಂಡು, ಮನೆ ಕೆಲ್ಸ ಮಾಡ್ಕೊಟ್ಟು ಹೋಗ್ತಾವಂತೆ."

"ಪುಣ್ಯವಂತ್ರು ಬುಡು," ಎಂದೆ. "ಅವ್ರುದ್ದು ಹಾಲಲ್ಲೇ ಮುಗೀತು. ನಮ್ದು ಸೀರೆ ಕೇಳ್ತದೆ, ಕೆಲ್ಸ ಮಾತ್ರ ನಾನೇ ಮಾಡ್ಬೇಕು."

ಹುಡುಗಿ ನಕ್ಕಳು. ಆಮೇಲೆ ಮೆತ್ತಗೆ, "ನಮ್ಮವ್ವುಂಗೂ ರೆಕ್ಕೆ ಬಂದಿರ್ತವಾ?" ಅಂತ ಕೇಳಿದಳು. ಸುಲಿದ ಕಡಲೆಬೀಜ ಒಂದು ಹಿಡಿ ಅವಳ ಕೈಗೆ ಹಾಕಿದೆ.

ಅವಳು ಏಳನೇ ಕ್ಲಾಸು ಪಾಸಾದ ಬೇಸಿಗೆಯಲ್ಲಿ ಅವಳ ಸೋದರಮಾವ ಬಂದ. ಅಕ್ಕನ ತವರು ಪಾವಗಡದಾಚೆ ವೈ.ಎನ್.ಹೊಸಕೋಟೆ ಕಡೆ, ಮನೆಮಾತು ತೆಲುಗು. ಸಾಯುವ ಮುಂಚೆ ಅಕ್ಕ ತನ್ನ ತಮ್ಮನಿಗೇ ಮಗಳನ್ನು ಕೊಡುವುದಾಗಿ ಮಾತು ಕೊಟ್ಟಿದ್ದಳಂತೆ. ಆತ ಕೆಟ್ಟವನಲ್ಲ, ಅದು ಬೇರೆ ಕಷ್ಟ. ಆದರೆ ಮೂವತ್ತರ ಹತ್ತಿರದ ಗಂಡು, ಇನ್ನೂ ಲಂಗ ಉಡುವ ಹುಡುಗಿ. ಈ ಮದುವೆ ಬೇಡವೆಂದು ಹಿಂದಿನ ದಿನವೇ ನಮ್ಮೆಜಮಾನರಿಗೆ ಹೇಳಿ ನೋಡಿದ್ದೆ. "ಹೆತ್ತೋಳೇ ಮಾತು ಕೊಟ್ಟವ್ಳೆ. ನಡುವೆ ನಿಂದೇನು?" ಅಂದುಬಿಟ್ಟರು. ಆ ಮಾತು ಮುಳ್ಳಿನಂತೆ ನಾಟಿತು. ಹೌದಲ್ಲ, ನಂದೇನು?

ಆತ ಎಲೆ ಅಡಿಕೆ, ಹೂವು, ನನಗೊಂದು ನೇರಳೆ ಬಣ್ಣದ ಸೀರೆ ತಂದಿದ್ದ. ಉಟ್ಟುಕೊಂಡು ಬಂದು ತಾಂಬೂಲದ ತಟ್ಟೆ ಕೊಡು ಎಂದರು ಅತ್ತೆ. ಹುಡುಗಿ ಹಿತ್ತಲ ಬಾಗಿಲಲ್ಲಿ ನನ್ನ ಸೆರಗು ಹಿಡಿದುಕೊಂಡಳು. "ನಾನು ಹೈಸ್ಕೂಲ್ಗೆ ಹೋಗ್ಬೇಕು ಚಿಕ್ಕವ್ವ. ನೀನಾರ ಹೇಳು."

ಅವಳ ಕೈಯಿಂದ ಸೆರಗು ಬಿಡಿಸಿಕೊಂಡೆ. ಕಣ್ಣಿಗೆ ಕತ್ತಲೆ ಬಂದವಳಂತೆ ಒಳಗೆ ಹೋಗಿ ಸೀರೆ ಸುತ್ತಿಕೊಂಡು ತಟ್ಟೆ ಹಿಡಿದು ನಡುಮನೆಗೆ ಬಂದೆ.

ಅತ್ತೆ ಎದೆ ಬಡಿದುಕೊಂಡರು. "ಲೇ, ಅಕ್ಕುಂಗೆ ಮಡಗ್ದೆ ಉಟ್ಕೊಂಡ್ಬುಟ್ಯೇನೇ? ಕೆಟ್ಯಲ್ಲೇ!"

ಆಗಲೇ ನನಗೆ ನೆನಪಾದದ್ದು. ಕೈ ತಾನಾಗಿ ಬಿಲ್ಲೆಗೆ ಹೋಯಿತು. ಕಿವಿ ಗುಯ್ ಅಂತು, ತಟ್ಟೆ ಬಿತ್ತು, ಅಲ್ಲೇ ಕೂತುಬಿಟ್ಟೆ. ಒಂದು ಹೆಣ್ಣುದನಿ ಕೇಳಿಸಿತು. "ನಾ ಬಿಡ್ಡನಿ ಇಯ್ಯೊದ್ದು. ಸದುವುಕೋನಿ." ಅಂದರೆ, ನನ್ನ ಮಗೀನ ಕೊಡಬೇಡಿ, ಓದಲಿ ಬಿಡಿ. ಬಾಯಿ ನನ್ನದೇ. ಆದರೆ ನನಗೆ ಬಾರದ ತೆಲುಗು!

ಹುಡುಗಿಯ ಸೋದರಮಾವ ಎದ್ದು ಬಂದು ನನ್ನ ಮುಂದೆ ಮಂಡಿಯೂರಿದ. "ಅಕ್ಕಾ, ನುವ್ವೇನಾ?" ನೀನೇನಾ ಎಂದು ಕೇಳುತ್ತಾ ಚಿಕ್ಕ ಮಗುವಿನ ಹಾಗೆ ಅತ್ತ. "ಮಾತು ಕೊಟ್ಟೋಳೇ ವಾಪಸ್ ತಗಂಡ್ಮೇಲೆ ಮುಗೀತು ಬಿಡ್ರಿ," ಎಂದು ಕಣ್ಣೊರೆಸಿಕೊಂಡು ಆತ ಬಸ್ಸಿಗೆ ಹೊರಟ. ಅತ್ತೆ ನನಗೆ ಬೇವಿನ ಸೊಪ್ಪು ನಿವಾಳಿಸಿದರು. ನಮ್ಮೆಜಮಾನರು ನನ್ನ ಮುಖ ನೋಡಲಿಲ್ಲ. ಜೂನ್ ಬಂದಾಗ ಮಗಳನ್ನು ಕರೆದುಕೊಂಡು ಹೋಗಿ ಹೈಸ್ಕೂಲಿಗೆ ಸೇರಿಸಿ ಬಂದರು.

ಮಾತಾಡಿದ್ದು ಯಾರು? ಅಕ್ಕನ ತಾಯಿ ಬಂದಾಗಲೆಲ್ಲ "ನಾ ಬಿಡ್ಡ, ನಾ ಬಿಡ್ಡ" ಎಂದು ಗೋಳಾಡುತ್ತಿದ್ದರು, ಆ ಮಾತು ನನಗೆ ಗೊತ್ತಿತ್ತು. ಮಿಕ್ಕಿದ್ದು? ಪಾವಗಡದ ಬಸ್ಸಿನಲ್ಲೋ ಸಂತೆಯಲ್ಲೋ ಕಿವಿಗೆ ಬಿದ್ದಿರಬಹುದು. ಬೀಳದೆಯೂ ಇರಬಹುದು. ನಾನೇ ಆಡಿದ್ದಾದರೆ ನನಗೇಕೆ ತಿಳಿಯಲಿಲ್ಲ? ಅಕ್ಕನೇ ಆಗಿದ್ದರೆ, ಅಷ್ಟು ಪ್ರೀತಿಯ ತಮ್ಮನಿಗೆ ಕೊಟ್ಟ ಮಾತನ್ನು ಏಕೆ ಮುರಿದಳು? ಯೋಚಿಸಿ ಯೋಚಿಸಿ ತಲೆ ಕೆಟ್ಟು ಮೊಸರಾಯಿತು. ಆತ ಬೇರೆ ಕಡೆ ಮದುವೆಯಾದ ಮೇಲೂ ಯುಗಾದಿಗೆ ಕಡಲೆಕಾಯಿ ಹೊತ್ತು ಬಂದು ನನ್ನನ್ನೇ "ಅಕ್ಕಾ" ಅನ್ನುತ್ತಿದ್ದ. ಹಾಗಂದಾಗಲೆಲ್ಲ ನನ್ನ ಕೈ ಬಿಲ್ಲೆಗೆ ಹೋಗುತ್ತಿತ್ತು.

ಎಂಬತ್ತರ ದಶಕದಲ್ಲಿ ಹುಡುಗಿ ಟೀಚರ್ ಟ್ರೈನಿಂಗ್ ಮುಗಿಸಿ ಕೊರಟಗೆರೆ ಕಡೆ ಮೇಡಂ ಆದಳು. ಮೊದಲ ರಜಕ್ಕೆ ಬಂದವಳು ಬ್ಯಾಗಿನಿಂದ ಒಂದು ಹಸಿರು ಸೀರೆ ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಯಾರ್ಗೇ ಇದು?"

"ಅವತ್ತು ಮಾತಾಡಿದೋರ್ಗೆ."

"ಅಯ್ಯೋ, ಯಾರು ಮಾತಾಡಿದ್ರು ಅಂತ ನಂಗೇ ಗೊತ್ತಿಲ್ವಲ್ಲೇ!"

"ನಂಗೂ ಗೊತ್ತಿಲ್ಲ ಚಿಕ್ಕವ್ವ. ಅದುಕ್ಕೇ ಒಂದೇ ತಂದಿದೀನಿ."

ನಾನು ಸೀರೆಯನ್ನು ಕಲಶದ ಮುಂದೆ ಇಟ್ಟೆ. ಅರಿಶಿನ ಕುಂಕುಮ ಹಚ್ಚಿದೆ. ಬಿಲ್ಲೆಯನ್ನು ಮುಟ್ಟಿ, "ಅಕ್ಕಾ, ನಮ್ ಮಗ್ಳು ತಂದವ್ಳೆ, ಉಟ್ಕೊ," ಎಂದೆ. ಎಂದಿಗಿಂತ ಹೆಚ್ಚು ಹೊತ್ತು ಹೊರಗೆ ಕಾದೆ. ಆಮೇಲೆ ಒಳಗೆ ಹೋಗಿ ಉಟ್ಟುಕೊಂಡು ಬಂದೆ.