ಗುಂಡನ ಪಥ್ಯ

ಗೆಳೆಯರೇ, ನನಗೆ ಮಕ್ಕಳಾಗುವುದಿಲ್ಲ ಎಂದು ಇವತ್ತು ಶಾಪ ಸಿಕ್ಕಿತು. ಇನ್ನೂ ಮದುವೆಯೇ ಆಗಿಲ್ಲ, ಅದು ಬೇರೆ ಮಾತು.

ಸೆಕ್ಟರ್ ಫೈವ್‌ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ನನ್ನ ಬೆಕ್ಕು ಗುಂಡನನ್ನು ಡಾಕ್ಟರ ಬಳಿ ಒಯ್ದಿದ್ದೆ. ಜೊತೆಗೆ ಡಮ್ ಡಮ್‌ನ ನಮ್ಮ ಬಂಗಾಳಿ ಮನೆಯೊಡತಿ ಮಾಶಿಮಾ ಬಂದಿದ್ದರು. ಡಾಕ್ಟರು ಗುಂಡನನ್ನು ತೂಗಿ, "ಇದು ಬೆಕ್ಕೋ ದಿಂಬೋ? ಏನು ಹಾಕ್ತೀರಿ?" ಎಂದರು. ಅಳತೆ ಮಾಡಿಯೇ ಹಾಕುತ್ತೇನೆ ಎಂದು ನಾನು ವಾದಿಸುತ್ತಿರುವಾಗಲೇ ಗುಂಡ ಮಾಶಿಮಾರ ಚೀಲಕ್ಕೆ ತಲೆ ತೂರಿಸಿದ. ಚೀಲದೊಳಗೆ ಡಬ್ಬಿ, ಡಬ್ಬಿಯಲ್ಲಿ ಹುರಿದ ಮೀನು.

"ಹೊರಡೋ ಮುಂಚೆ ಮೀನು ತಿಂದ್ರೆ ಶುಭ. ಮಿಕ್ಕಿದ್ದು ದಾರಿಗೆ," ಎಂದರು ಮಾಶಿಮಾ. ವಿಚಾರಿಸಿದರೆ, ನಾನು ಆಫೀಸಿಗೆ ಹೋದ ಮೇಲೆ ಅವನಿಗೆ ದಿನವೂ ಇದೇ ಊಟ.

"ನಾಳೆಯಿಂದ ಬೇಡ ಮಾಶಿಮಾ."

"ಬೆಕ್ಕು ಷಷ್ಠಿ ದೇವಿಯ ವಾಹನ. ಮಕ್ಕಳನ್ನ ಕೊಡೋ ದೇವಿ ಅವಳು. ಅವಳ ವಾಹನನ ಉಪವಾಸ ಕೆಡವಿದ್ರೆ ನಿನಗೆ ಮಕ್ಕಳಾಗಲ್ಲ."

"ಆಗದಿದ್ರೆ ಬೇಡ. ಇವನು ಸಣ್ಣಗಾಗ್ಲೇಬೇಕು."

ಸಂಜೆ ಮಾಶಿಮಾ ಬಾಗಿಲು ಬಡಿದರು. ಕೈಯಲ್ಲಿ ಮೀನಿನ ಬಟ್ಟಲು. "ಬೆಕ್ಕಿಗಲ್ಲ, ನಿನಗೆ," ಎಂದರು. ನಾನು ಹುಟ್ಟಾ ಸಸ್ಯಾಹಾರಿ. ನಾನು ಮುಟ್ಟದ್ದು ಯಾರ ಹೊಟ್ಟೆಗೆ ಹೋಗುತ್ತದೆಂದು ಅವರಿಗೆ ಗೊತ್ತು. ಗುಂಡನಿಗೂ ಗೊತ್ತು, ಆಗಲೇ ಬಂದು ಕೂತಿದ್ದ.

ಇಬ್ಬರ ಎದುರೇ ನಿಂತು, ಮುಳ್ಳು ಬಿಡಿಸಿ, ಪೂರ್ತಿ ತಿಂದೆ.

ಇದನ್ನು ಓದಿದ ಮೈಸೂರಿನವರು ನಮ್ಮಮ್ಮನಿಗೆ ಹೇಳುವುದಿದ್ದರೆ ಧಾರಾಳವಾಗಿ ಹೇಳಿ. ಬೆಕ್ಕು ತಿನ್ನಲಿಲ್ಲ ಎಂಬುದನ್ನೂ ಹೇಳಿ.