ನಾಲ್ಕನೆಯವನ ಮೊದಲ ಹೆಜ್ಜೆ

ಪಾಳಿ ಮುಗಿಸಿ ಮನೆಗೆ ಬಂದು ಗಂಡನ ಮುಖ ನೋಡಿದರೆ ಸಾಕು, ಇವತ್ತು ಮನೆಯಲ್ಲಿ ಏನೋ ನಡೆದಿದೆ ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಅವನೇನೋ ಬಚ್ಚಿಡಲು ನೋಡುತ್ತಿದ್ದ. ತಲೆ ತಗ್ಗಿಸಿ ಹೊಲಿಗೆ ಮೆಷಿನ್ನಿನ ಹೊಟ್ಟೆಯೊಳಗೆ ಸ್ಕ್ರೂಡ್ರೈವರ್ ಆಡಿಸುತ್ತ, “ಬಂದೆಯಾ? ನೀರು ಕಾದಿದೆ, ಮುಖ ತೊಳ್ಕೋ” ಅನ್ನುತ್ತಿದ್ದ. ಆದರೆ ತುಟಿಯ ತುದಿಯಲ್ಲಿ ನಗುವೊಂದು ತಡೆಯಲಾರದೆ ಕುಣಿಯುತ್ತಿತ್ತು.

ಆ ದಿನವೂ ಹಾಗೇ ಆಯಿತು.

“ಏನಾಯ್ತು?”

“ಏನಿಲ್ಲ.”

“ನಿಮ್ಮ ‘ಏನಿಲ್ಲ’ ನಂಗೊತ್ತಿಲ್ವಾ? ಹೇಳ್ರೀ.”

ಅವನು ಬಾಯಿ ಬಿಡುವ ಮೊದಲೇ ಎರಡನೆಯ ಮಗ ಒಳಗಿನಿಂದ ಓಡಿ ಬಂದ. “ಅಮ್ಮಾ, ಪುಟ್ಟಂಗೆ ಹಲ್ಲು ಬಂತು! ಚಮಚ ತಾಗಿಸಿದ್ರೆ ಟಕ್ ಅನ್ನುತ್ತೆ. ಮೊದಲು ಅಪ್ಪ ನೋಡಿದ, ಆಮೇಲೆ ಅಣ್ಣ, ಆಮೇಲೆ ನಾನು, ಆಮೇಲೆ ಗುಂಡಣ್ಣ, ಆಮೇಲೆ ಮೆಷಿನ್ ತಗೊಂಡು ಹೋಗೋಕೆ ಬಂದಿದ್ದ ಆಂಟಿ...”

“ಆಮೇಲೆ ನಾನು” ಎಂದು ಅವಳೇ ಮುಗಿಸಿದಳು. ಹೆತ್ತವಳು ಸಾಲಿನಲ್ಲಿ ಆರನೆಯವಳು. ರಿಪೇರಿಗೆ ಬಂದ ಆಂಟಿಗಿಂತಲೂ ಹಿಂದೆ. ಬೆರಳು ತೊಳೆದುಕೊಂಡು ಬಂದು ಮಗುವಿನ ವಸಡು ಸವರಿದಳು. ಅಕ್ಕಿಕಾಳಿನಷ್ಟು ಗಟ್ಟಿ, ಚೂಪು. ನಕ್ಕಳು, ಮುದ್ದಿಟ್ಟಳು. ಹೊಟ್ಟೆಯೊಳಗೆ ಮಾತ್ರ ಯಾರೋ ಕೊಳ್ಳಿ ಇಟ್ಟ ಹಾಗಾಯಿತು.

ಅವಳು ನಗರದ ಬಸ್ಸಿನ ಡ್ರೈವರ್. ಬೀದಿಯವರ ಬಾಯಲ್ಲಿ ‘ಡ್ರೈವರಮ್ಮ’. ಬೆಳಗಿನ ಐದೂಮುಕ್ಕಾಲಿಗೆ ಡಿಪೋ ಬಿಟ್ಟರೆ ಮಧ್ಯಾಹ್ನ ಎರಡೂವರೆಗೆ ಕೊನೆಯ ಟ್ರಿಪ್ಪು ಮುಗಿಯುತ್ತಿತ್ತು. ಗಂಡ ಒಂದು ಬಟ್ಟೆ ಕಾರ್ಖಾನೆಯಲ್ಲಿ ಮೆಷಿನ್ ಮೆಕ್ಯಾನಿಕ್ ಆಗಿದ್ದ. ದೊಡ್ಡವನು ಹುಟ್ಟಿದ ವರ್ಷ ಕಾರ್ಖಾನೆಗೆ ಬೀಗ ಬಿತ್ತು. ಅದೇ ತಿಂಗಳು ಅವಳಿಗೆ ಡ್ರೈವರ್ ಕೆಲಸ ಸಿಕ್ಕಿತು. ಅವನು ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡು ಹೊಲಿಗೆ ಮೆಷಿನ್ನು ರಿಪೇರಿಗೆ ಕೂತ. ಒಂದು ಕೈಯಲ್ಲಿ ತಿರುಪು, ಒಂದು ತೊಡೆಯ ಮೇಲೆ ಮಗು. ಇವಳು ಹೊರಗೆ, ಅವನು ಒಳಗೆ ಎಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿ ಹಾಗಾಗಿಹೋಯಿತು. ಒಂಬತ್ತು ವರ್ಷದಲ್ಲಿ ನಾಲ್ಕು ಗಂಡುಮಕ್ಕಳಾದವು. ದೊಡ್ಡವನು, ಮಾತಿಗೆ ಮಾತು ಜೋಡಿಸುವ ಎರಡನೆಯವ ‘ವಕೀಲ’, ನಾಲ್ಕು ವರ್ಷದ ಗುಂಡಣ್ಣ, ಹನ್ನೊಂದು ತಿಂಗಳ ಪುಟ್ಟ.

ದೊಡ್ಡವನು ಮೊದಲ ಬಾರಿ ಬೋರಲು ಬಿದ್ದಾಗ ಅವಳು ಸಿಗ್ನಲ್ಲಿನಲ್ಲಿ ನಿಂತಿದ್ದಳು. ವಕೀಲ ಮೊದಲ ಮಾತಾಡಿದಾಗ ಟೈರು ಬದಲಿಸುವವರಿಗಾಗಿ ಕಾಯುತ್ತಿದ್ದಳು. ಗುಂಡಣ್ಣ ಎದ್ದು ನಡೆದದ್ದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಆ ಹೊತ್ತಿಗೆ ಅವಳ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡ ಇದನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಪುಟ್ಟ ಅಕ್ಷರದಲ್ಲಿ ಬರೆದಿಡುತ್ತಿದ್ದ. ಅವನು ಪ್ರೀತಿಯಿಂದಲೇ ಮಾಡುತ್ತಿದ್ದ ಕೆಲಸ ಅದು. ಅವಳಿಗೋ, ಮದುವೆಗೆ ಕರೆಯದೆ ಫೋಟೋ ತೋರಿಸಿದ ಹಾಗೆ.

ಬೀದಿಯ ಹೆಂಗಸರು ಬೇರೆ ಉರಿಯುವುದಕ್ಕೆ ಗಾಳಿ ಹಾಕುತ್ತಿದ್ದರು. “ನಿನ್ನ ಗಂಡನಂಥೋನು ಎಲ್ಲರಿಗೂ ಸಿಗ್ತಾನಾ? ತಾಯಿಗಿಂತ ಒಂದು ಕೈ ಮೇಲು” ಎಂದು ಎದುರು ಮನೆಯಾಕೆ ಅಂದ ದಿನ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಆ ವಾರವೇ ಇನ್ನೊಂದು ನಡೆಯಿತು. ಗುಂಡಣ್ಣ ಬಾಗಿಲ ಮೆಟ್ಟಿಲಿಂದ ಉರುಳಿ ಮಂಡಿ ತರಚಿಕೊಂಡ. ಅವಳು ಅಲ್ಲೇ, ಎರಡು ಮಾರು ದೂರದಲ್ಲಿ, ಬಟ್ಟೆ ಒಣಹಾಕುತ್ತಿದ್ದಳು. ಒದ್ದೆ ಅಂಗಿ ಬಿಸಾಕಿ ಕೈ ಚಾಚಿದಳು. ಹುಡುಗ ಅವಳ ಕೈಯ ಕೆಳಗಿನಿಂದ ನುಸುಳಿ “ಅಪ್ಪಾ” ಎಂದು ಅಳುತ್ತ ಒಳಗೆ ಓಡಿದ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಕೆಳಗೆ ಬಿದ್ದ ಅಂಗಿಯನ್ನು ಎತ್ತಿ ಮತ್ತೆ ಹಿಂಡಿದಳು. ಹಿಂಡಲು ಅದರಲ್ಲಿ ನೀರೇ ಇರಲಿಲ್ಲ.

ಅಂದೇ ಮನಸ್ಸಿನಲ್ಲಿ ನಿರ್ಧರಿಸಿದಳು. ಪುಟ್ಟನ ಮೊದಲ ಹೆಜ್ಜೆ ತನ್ನದು. ಯಾರಿಗೂ ಬಿಟ್ಟುಕೊಡುವುದಿಲ್ಲ.

“ನಾನಿಲ್ಲದಾಗ ಅವನನ್ನ ನಿಲ್ಲಿಸ್ಬೇಡಿ” ಎಂದು ಗಂಡನಿಗೆ ಹೇಳಿದಳು.

“ನಾನು ನಿಲ್ಲಿಸ್ತೀನಾ? ಅವನೇ ಮೇಜಿನ ಕಾಲು ಹಿಡ್ಕೊಂಡು ನಿಲ್ತಾನೆ.”

“ಹಾಗಿದ್ರೆ ಕೂರಿಸಿ.”

“ಎಷ್ಟು ಸಲ ಕೂರಿಸ್ಲಿ? ಸ್ಪ್ರಿಂಗ್ ಇದ್ದ ಹಾಗೆ ಇದಾನೆ.”

“ನಂಗೊತ್ತಿಲ್ಲ. ಮೂರು ಜನದ್ದು ನೀವೇ ನೋಡಿದ್ದೀರಿ. ಇದೊಂದು ನಂಗೆ ಬೇಕು.”

ಅವಳ ದನಿಯಲ್ಲಿ ಏನೋ ಇತ್ತು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, “ಆಯ್ತು” ಅಂದ.

ಮುಂದಿನ ಭಾನುವಾರ ಅವಳಿಗೆ ರಜೆ. ಅಂಗಳದಲ್ಲಿ ಚಾಪೆಯ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಪುಟ್ಟನನ್ನು ಹಿಡಿದ ಗಂಡ. ಮೂವರು ಹುಡುಗರು ಮೆಟ್ಟಿಲ ಮೇಲೆ ಸಾಲಾಗಿ, ಎಂದೂ ಇಲ್ಲದಷ್ಟು ಶಿಸ್ತಿನಿಂದ ಕೂತಿದ್ದರು. ಗಂಡ ಕೈ ಬಿಟ್ಟ. ಪುಟ್ಟ ಒಂದು ಸಲ ತೂಗಿದ, ಹೊಟ್ಟೆ ಮುಂದೆ ಮಾಡಿದ. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ದೊಪ್ಪೆಂದು ಅವಳ ಎದೆಗೆ ಬಂದು ಬಿದ್ದ. ಅವಳು ಅತ್ತಳು, ನಕ್ಕಳು. ಒಳಗೆ ಹೋಗಿ ಕ್ಯಾಲೆಂಡರಿನ ಚೌಕದಲ್ಲಿ ಹಿಡಿಸದಷ್ಟು ದಪ್ಪ ಅಕ್ಷರದಲ್ಲಿ ‘ನಡೆದ’ ಎಂದು ಬರೆದಳು. ಮರುದಿನ ಡಿಪೋದಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿ, ಕೇಳಿದವರಿಗೂ ಕೇಳದವರಿಗೂ ಹೇಳಿದಳು, “ನನ್ನ ಕಡೆಗೇ ಬಂದ ಕಣ್ರೀ. ಸೀದಾ ನನ್ನ ಕಡೆಗೆ.”

ಆ ಸಂತೋಷ ಹತ್ತು ದಿನ ಬಾಳಿತು. ಹನ್ನೊಂದನೆಯ ದಿನ ಅವಳು ವಕೀಲನ ಉಗುರು ಕತ್ತರಿಸುತ್ತ ಕೂತಿದ್ದಾಗ ಮಾತು ಎಲ್ಲೆಲ್ಲೋ ಹೋಗಿ ಅಲ್ಲಿಗೆ ಬಂತು.

“ಪುಟ್ಟ ಮೊದಲನೇ ಸಲಕ್ಕೇ ನಾಲ್ಕು ಹೆಜ್ಜೆ ಇಟ್ಟ, ನೋಡಿದ್ಯಲ್ಲಾ?” ಅಂದಳು.

“ಮೊದಲನೇ ಸಲ ಎರಡೇ ಇಟ್ಟಿದ್ದು” ಎಂದು ವಕೀಲ ತಿದ್ದಿದ. “ಮಂಗಳವಾರ. ಬುಧವಾರ ಮೂರು. ಶನಿವಾರ ಬಾಗಿಲ ತನಕ ಹೋದ. ಭಾನುವಾರದ್ದು ಲೆಕ್ಕಕ್ಕೆ...” ಅಷ್ಟರಲ್ಲಿ ಅವನಿಗೆ ತಾನು ಏನು ಮಾಡಿದೆನೆಂದು ಹೊಳೆಯಿತು. “ಅಪ್ಪ ಹೇಳ್ಬೇಡ ಅಂದಿದ್ದ” ಎಂದು ಮೆಲ್ಲಗೆ ಸೇರಿಸಿದ.

ಅವಳು ಉಳಿದ ಮೂರು ಉಗುರುಗಳನ್ನೂ ಕತ್ತರಿಸಿ ಮುಗಿಸಿದಳು. ಎದ್ದು ಮುಂದಿನ ಕೋಣೆಗೆ ಹೋದಳು.

“ಮಂಗಳವಾರವೇ ನಡೆದ್ನಂತೆ.”

ಗಂಡನ ಕೈ ಮೆಷಿನ್ನಿನ ಚಕ್ರದ ಮೇಲೆ ನಿಂತಿತು. “ಯಾರು ಹೇಳಿದ್ರು?”

“ಯಾರು ಹೇಳಿದ್ರೆ ಏನು? ನಾಟಕ ಆಡಿದ್ರಾ ಎಲ್ಲರೂ ಸೇರಿ?”

“ನಿನಗೆ ಖುಷಿಯಾಗ್ಲಿ ಅಂತ...”

“ನೀವು ಉಂಡು ಬಿಟ್ಟಿದ್ದನ್ನ ನಂಗೆ ಬಡಿಸಿದ್ರಿ. ನಾನು ಪೆದ್ದಿ, ಊರಿಗೆಲ್ಲ ಬಿಸ್ಕತ್ತು ಹಂಚ್ಕೊಂಡು ಬಂದೆ!”

“ಕಾಲು ಅವನದು ಕಣೇ. ನಾನೇನು ಕಟ್ಟಿ ಹಾಕ್ಲಾ?”

ಆ ಮಾತಿಗೆ ಅವಳ ಸಿಟ್ಟು ಇನ್ನೂ ಏರಿತು. ನಾಲ್ಕು ದಿನ ಗಂಡನ ಜೊತೆ ಮಾತು ಬಿಟ್ಟಳು. ಬೇಕಾದದ್ದನ್ನು ಮಕ್ಕಳ ಮೂಲಕ ಹೇಳಿ ಕಳಿಸಿದಳು. ಬಸ್ಸಿನಲ್ಲಿ ಕೂತಾಗ ಕನ್ನಡಿಯಲ್ಲಿ ಮಗು ಎತ್ತಿಕೊಂಡ ಹೆಂಗಸು ಕಂಡರೆ ಸಾಕು, ಕಣ್ಣನ್ನು ರಸ್ತೆಗೆ ತಿರುಗಿಸಿಕೊಳ್ಳುತ್ತಿದ್ದಳು. ಗಂಡ ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಆ ಹೊತ್ತಿಗೆ ಗುಂಡಣ್ಣನನ್ನು ಶಾಲೆಗೆ ಸೇರಿಸುವ ದಿನ ಬಂತು. ಮೊದಲಿಬ್ಬರನ್ನು ಶಾಲೆಗೆ ಬಿಟ್ಟವನು ಗಂಡನೇ. ಈ ಸಲ ಅವಳು ಯಾರಿಗೂ ಹೇಳದೆ ಇನ್ನೊಬ್ಬ ಡ್ರೈವರ್ ಜೊತೆ ಪಾಳಿ ಬದಲಿಸಿಕೊಂಡಳು. ಬೆಳಿಗ್ಗೆ ಗಂಡ ಅಂಗಿಗೆ ಇಸ್ತ್ರಿ ಹಾಕಿಕೊಂಡು ಸಿದ್ಧನಾಗುತ್ತಿದ್ದಾಗ ಎದುರು ಬಂದು ನಿಂತಳು.

“ನಾನು ಕರ್ಕೊಂಡು ಹೋಗ್ತೀನಿ. ನೀವು ಬರೋದು ಬೇಡ.”

ಅವನು ಹಾಕಿದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ.

ಶಾಲೆಯ ಗೇಟಿನ ಬಳಿ ಟೀಚರಮ್ಮ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದರು. ಹುಡುಗನಿಗೆ ಔಷಧಿ ಯಾವುದಾದರೂ ಆಗುವುದಿಲ್ಲವೇ? ಚಡ್ಡಿ ಗುಂಡಿ ತಾನೇ ಹಾಕಿಕೊಳ್ಳುತ್ತಾನಾ? ಯಾವುದಕ್ಕೆ ಹೆದರುತ್ತಾನೆ? ಮೊದಲನೆಯದಕ್ಕೆ “ಇಲ್ಲ ಅನ್ಸುತ್ತೆ” ಅಂದಳು. ಎರಡನೆಯದಕ್ಕೆ “ಹಾಕ್ಕೋತಾನೆ” ಎಂದಾಗ ಗುಂಡಣ್ಣನೇ “ಇಲ್ಲ, ಅಪ್ಪ ಹಾಕೋದು” ಅಂದ. ಮೂರನೆಯದಕ್ಕೆ ಅವಳು ಮಗನ ಮುಖ ನೋಡಿದಳು. ಇವನು ಯಾವುದಕ್ಕೆ ಹೆದರುತ್ತಾನೆ? ನೂರಾರು ಪ್ರಯಾಣಿಕರ ಮುಂದೆ ಬಾರದ ಬೆವರು ಅಲ್ಲಿ ಬಂತು.

ಅಷ್ಟರಲ್ಲಿ ಒಳಗೆಲ್ಲೋ ಗಂಟೆ ಹೊಡೆಯಿತು. ಗುಂಡಣ್ಣ ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದ. “ಅಪ್ಪ ಬೇಕು! ನೀನು ಬೇಡ, ಅಪ್ಪ ಬೇಕು!”

ಸುತ್ತ ನಿಂತ ತಾಯಂದಿರು ಇತ್ತ ತಿರುಗಿದರು. ಅವಳ ಕಿವಿ ಕಾದ ಕಬ್ಬಿಣವಾಯಿತು. ಬೆರಳು ಬಿಡಿಸಿ ಒಳಗೆ ನೂಕಿ ಹೋಗಿಬಿಡೋಣ ಎನ್ನಿಸಿತು ಒಂದು ಗಳಿಗೆ. ಹಾಗೆ ಮಾಡಲಾರದೆ ಅವನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಅವಳಿಗೆ ಗೊತ್ತಿದ್ದದ್ದು ಒಂದೇ ಕೆಲಸ.

“ಗುಂಡಣ್ಣ, ಈ ಗೇಟಿಂದ ಆ ನೀಲಿ ಬಾಗಿಲ ತನಕ ಒಂದು ರೂಟು. ಬಸ್ಸು ಹೊರಡೋ ಹೊತ್ತಾಯ್ತು. ಡ್ರೈವರ್ ಯಾರು?”

ಹುಡುಗ ಬಿಕ್ಕುತ್ತಲೇ ಅಂದ, “ಅಣ್ಣ.”

“ಯಾವಾಗ್ಲೂ ಅಣ್ಣನೇನಾ?”

“ಇಲ್ಲಾಂದ್ರೆ ವಕೀಲ. ನಂಗೆ ಕೊಡಲ್ಲ. ನಾನು ಬರೀ ಜನ.”

“ಇವತ್ತು ಅವರಿಬ್ರೂ ರಜೆ. ಸ್ಟೇರಿಂಗು ನಿಂದು.”

ಅವನು ಅಳು ನಿಲ್ಲಿಸಿ ಅವಳನ್ನು ದಿಟ್ಟಿಸಿದ. “ಪೂರ್ತಿ ನಂದೇನಾ?”

“ಪೂರ್ತಿ ನಿಂದೇ. ಆದ್ರೆ ಡ್ರೈವರ್ ಎರಡೂ ಕೈಯಲ್ಲಿ ಗೇಟು ಹಿಡ್ಕೊಂಡ್ರೆ ಬಸ್ಸು ಹೇಗೆ ಹೋಗುತ್ತೆ?”

ಒಂದು ಕೈ ಬಿಟ್ಟಿತು. ಆಮೇಲೆ ಇನ್ನೊಂದು. ಟೀಚರಮ್ಮ ಜಾಣೆ, ಬೆನ್ನ ಹಿಂದೆ ಬಂದು ನಿಂತು “ರೈಟ್, ರೈಟ್!” ಅಂದರು. ಗುಂಡಣ್ಣ ಮೂಗು ಒರೆಸಿಕೊಂಡು, ಕೆನ್ನೆ ಉಬ್ಬಿಸಿ ಸದ್ದು ಮಾಡುತ್ತ, ಗೇರು ಹಾಕಿ ಹೊರಟ. ಒಂದು ಸಲವೂ ಹಿಂದೆ ನೋಡಲಿಲ್ಲ.

ಅವಳು ಕಣ್ಣೊರೆಸಿಕೊಂಡು ತಿರುಗಿದರೆ ರಸ್ತೆಯಾಚೆ, ಪಂಕ್ಚರ್ ಅಂಗಡಿಯ ಟೈರುಗಳ ಹಿಂದೆ, ಪುಟ್ಟನನ್ನು ಸೊಂಟದಲ್ಲಿಟ್ಟುಕೊಂಡು ಗಂಡ ನಿಂತಿದ್ದ. ಸಿಕ್ಕಿಬಿದ್ದೆ ಎಂದು ಗೊತ್ತಾದಾಗ ಅಂಗಡಿಯ ಬೋರ್ಡನ್ನು ಓದತೊಡಗಿದ.

“ಇಲ್ಲೇನು ಕೆಲಸ?” ಐದು ದಿನದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಪ್ರೀತಿಯ ಮಾತು ಅದೇ.

“ಸೂಜಿ ತರೋಕೆ ಬಂದೆ.”

“ಪಂಕ್ಚರ್ ಅಂಗಡೀಲಿ ಸೂಜಿನಾ?”

ಅವನು ನಗಲಿಲ್ಲ. ನೀಲಿ ಬಾಗಿಲ ಕಡೆ ನೋಡುತ್ತ ಅಂದ, “ಒಂದು ತಿಂಗಳಿಂದ ಅವನನ್ನ ಒಪ್ಪಿಸ್ತಾ ಇದ್ದೆ. ಶಾಲೆ ಅಂದ್ರೆ ಸಾಕು, ಮೇಜಿನ ಕೆಳಗೆ ಸೇರ್ಕೊಳ್ತಿದ್ದ. ನೀನು ಎರಡು ಮಾತಲ್ಲಿ ಕಳಿಸಿಬಿಟ್ಟೆ.” ಪುಟ್ಟನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಮುಂದುವರಿಸಿದ, “ದಿನವಿಡೀ ಬಸ್ಸಾಟವೇ ಕಣೇ ನಮ್ಮನೇಲಿ. ಡ್ರೈವರ್ ಆಗೋಕೆ ಮೂರೂ ಜನ ಹೊಡೆದಾಡ್ತವೆ. ಎದುರಿಗೆ ಕೂತು ಒಂಬತ್ತು ವರ್ಷದಿಂದ ಮೆಷಿನ್ ರಿಪೇರಿ ಮಾಡ್ತಿದೀನಿ. ಒಬ್ಬನಾದ್ರೂ ರಿಪೇರಿ ಆಟ ಆಡಿದ್ದಾನಾ?”

“ಹೊಟ್ಟೆ ಉರಿಯುತ್ತಾ?”

“ಉರಿಯದೆ?”

ಅವಳಿಗೆ ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ಬೇಸಿಗೆಯಲ್ಲಿ ತಣ್ಣೀರು ಕುಡಿದಷ್ಟು ಹಿತವಾಯಿತು. ಇಷ್ಟು ದಿನ ತಾನೊಬ್ಬಳೇ ಉರಿದದ್ದಲ್ಲ! ಪುಟ್ಟನನ್ನು ಅವನ ಸೊಂಟದಿಂದ ಕಿತ್ತುಕೊಂಡು ತನ್ನ ಸೊಂಟಕ್ಕೇರಿಸಿಕೊಂಡಳು. ಮನೆಯ ತನಕ ಅವನ ಕೈಗೆ ಕೊಡಲಿಲ್ಲ. ದಾರಿಯುದ್ದಕ್ಕೂ ಅವನಿಂದ ಪಾಠ ಹೇಳಿಸಿಕೊಂಡಳು: ಗುಂಡಣ್ಣ ಹೆದರುವುದು ಕುಕ್ಕರಿನ ಸೀಟಿಗೆ, ಕ್ಷೌರದ ಕತ್ತರಿಗೆ.

ಅದೇ ತಿಂಗಳು ಅವಳು ಅರ್ಜಿ ಕೊಟ್ಟು ಮಧ್ಯಾಹ್ನದ ಪಾಳಿಗೆ ಬದಲಾದಳು. ಇನ್ನು ಬೆಳಗು ತನ್ನದು, ಪುಟ್ಟನ ಮೊದಲ ಮಾತಾದರೂ ತನ್ನ ಕಿವಿಗೇ ಬೀಳುತ್ತದೆ ಎಂದು ಲೆಕ್ಕ ಹಾಕಿದ್ದಳು. ಆದರೆ ಬೆಳಗು ಅಂದರೆ ಕಾಣೆಯಾದ ಕಾಲುಚೀಲ, ಚೆಲ್ಲಿದ ಹಾಲು, ‘ಅವನು ನನ್ನ ಪೆನ್ಸಿಲ್ ಕಚ್ಚಿದ’ ಎಂಬ ದೂರು. ಗಂಡ ಇಷ್ಟು ವರ್ಷ ಇವುಗಳಲ್ಲಿ ಯಾವುದನ್ನೂ ಕ್ಯಾಲೆಂಡರಿನಲ್ಲಿ ಬರೆದಿರಲಿಲ್ಲ. ಪುಟ್ಟನೋ ಎರಡು ತಿಂಗಳು “ಊಂ” ಬಿಟ್ಟು ಬೇರೆ ಮಾತೆತ್ತಲಿಲ್ಲ.

ಒಂದು ದಿನ ಮಧ್ಯಾಹ್ನ ಮೂರರ ಟ್ರಿಪ್ಪಿನಲ್ಲಿ ಮನೆಯ ಹತ್ತಿರದ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದಾಗ ಗಂಡ ಏದುಸಿರು ಬಿಡುತ್ತ ಓಡಿ ಬಂದ. ಕಾಲಲ್ಲಿ ಒಂದೇ ಚಪ್ಪಲಿ. ಪುಟ್ಟನನ್ನು ಎತ್ತಿ ಅವಳ ಕಿಟಕಿಯ ಮಟ್ಟಕ್ಕೆ ಹಿಡಿದ.

“ಮಾತಾಡಿದ! ಈಗಷ್ಟೇ. ಗುಂಡಣ್ಣ ಬನ್ನು ಕಿತ್ಕೊಳ್ಳೋಕೆ ಹೋದ. ಇವನು ‘ನಂದು’ ಅಂದ! ಹೇಳೋ ಪುಟ್ಟ, ಅಮ್ಮಂಗೆ ಹೇಳೋ. ನಂದು!”

ಪುಟ್ಟ ಖಾಕಿ ಅಂಗಿಯ ಅಮ್ಮನನ್ನು ನೋಡಿ ಎರಡು ಹಲ್ಲು ಬಿಟ್ಟು ನಕ್ಕ. ಕಂಡಕ್ಟರ್ ಸೀಟಿ ಊದಿದ. ಹಿಂದಿನ ಬಸ್ಸು ಹಾರನ್ ಹೊಡೆಯಿತು. “ಹೇಳೋ, ಬೇಗ ಹೇಳೋ” ಎಂದು ಗಂಡ ಗೋಗರೆದ. ಪುಟ್ಟ ಕಿಟಕಿಯ ಗಾಜು ನೆಕ್ಕಿದ.

“ಮತ್ತೆ ತಪ್ಪಿತಲ್ರೀ” ಎಂದು ಅವಳು ಗೇರು ಹಾಕಿದಳು. ಹೊಟ್ಟೆ ಉರಿಯಿತು, ಸುಳ್ಳೇಕೆ? ಆದರೆ ಕನ್ನಡಿಯಲ್ಲಿ ಒಂಟಿ ಚಪ್ಪಲಿಯ ಗಂಡ ಸಣ್ಣವನಾಗುತ್ತ ಹೋದದ್ದನ್ನು ತಿರುವಿನ ತನಕ ನೋಡಿದಳು. ಈ ಸಲ ಅವನು ಬಚ್ಚಿಡಲಿಲ್ಲ, ಬೆಚ್ಚಗಿರುವಾಗಲೇ ತಂದು ಕೊಟ್ಟ.

ಮರುದಿನ ಬೆಳಿಗ್ಗೆ ಪುಟ್ಟ ಅವಳೆದುರು ಆ ಮಾತನ್ನು ನಲವತ್ತು ಸಲ ಹೇಳಿದ. ಲೋಟ ನಂದು, ಬಾಚಣಿಗೆ ನಂದು, ಅಣ್ಣನ ಶೂ ನಂದು. ಕೊನೆಗೆ ಅವಳೇ ಕಿವಿ ಮುಚ್ಚಿಕೊಂಡು, “ಆಯ್ತಪ್ಪಾ, ಎಲ್ಲಾ ನಿಂದೇ, ಈಗ ಬಾಯಿ ಮುಚ್ಚು” ಅಂದಳು.